ಕೃಪೆ ಪುಕ್ಕಟೆ, ಆಯ್ಕೆ ದುಬಾರಿ

ಗುಡೇಕೋಟೆ, ಕೊಟ್ಟೂರು, ಹಡಗಲಿ ಸೀಮೆಯಲ್ಲಿ ‘ಪ್ರಸಾದ’ ಎಂಬ ಮಾತಿಗೆ ವಿವರಣೆ ಬೇಕಿಲ್ಲ. ವೀರಶೈವರಿಗೆ ಅದು ಅಷ್ಟಾವರಣಗಳಲ್ಲೊಂದು. ಷಟ್‌ಸ್ಥಲಗಳಲ್ಲಿ ಮೂರನೆಯದು ಪ್ರಸಾದಿಸ್ಥಲ. ಪ್ರಸಾದವೆಂದರೆ ಕೂಲಿಯಲ್ಲ, ಅದನ್ನು ದುಡಿದು ಪಡೆಯಲಾಗದು. ಆದರೆ ಕೈಯೊಡ್ಡದವನಿಗೆ ಅದು ದಕ್ಕುವುದೂ ಇಲ್ಲ.

1800ರಲ್ಲಿ ನಿಜಾಮ ಬಿಟ್ಟುಕೊಟ್ಟ ಈ ಸೀಮೆ ಕಂಪನಿ ಸರ್ಕಾರದ ಬಳ್ಳಾರಿ ಆಡಳಿತಕ್ಕೆ ಸೇರಿತು. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಬೈಬಲ್ ಅನುವಾದಕ್ಕೆ ಕೈಹಾಕಿದರು. ಪ್ರಸಾದದ ಈ ನಾಡಿನಲ್ಲಿ, ದೇವರು ಅರ್ಹತೆ ನೋಡದೆ ಕೊಡುವ ದಾನಕ್ಕೆ ಕನ್ನಡದ ಹೆಸರು ಬೇಕಾಯಿತು. ಇಂದು ಪ್ರೊಟೆಸ್ಟೆಂಟರ ಬೈಬಲ್ಲಿನಲ್ಲಿ ಇರುವುದು ‘ಕೃಪೆ’. ಕನ್ನಡ ಕಥೋಲಿಕರ ಪ್ರಾರ್ಥನೆಗಳಲ್ಲಿ ‘ವರಪ್ರಸಾದ’ ಉಳಿದುಕೊಂಡಿದೆ. ‘ವಿಧೇಯತೆ’ಯ ಕಥೆ ಬೇರೆ. ಅರ್ಜಿಯ ಕೊನೆಗೆ ‘ಇಂತಿ ತಮ್ಮ ವಿಧೇಯ’ ಎಂದು ಸಹಿ ಹಾಕುವ ನಮಗೆ ಆ ಪದದಲ್ಲಿ ಮೇಲಿನವರ ಮುಂದೆ ತಲೆ ಬಾಗುವುದೇ ಮೊದಲು ಕಾಣುತ್ತದೆ. ಲೂಥರನ ಹಾದಿಯ ಬೋಧಕರು ಹೇಳುತ್ತಿದ್ದುದು ಬೇರೆಯದನ್ನು: ವಿಧೇಯತೆ ಕೃಪೆಗೆ ತೆರುವ ಬೆಲೆಯಲ್ಲ, ಕೃಪೆ ಪಡೆದ ಮೇಲೆ ಬಿಡುವ ಫಲ.

ಈ ಎರಡರ ನಡುವೆ ಆಯ್ಕೆ ಎಲ್ಲಿ ಬರುತ್ತದೆ? ಉತ್ತರಕ್ಕೆ ಮಂಗಳೂರಿನ ಕಡೆ ನೋಡಬೇಕು. ಅಲ್ಲಿ ಬಾಸೆಲ್ ಮಿಷನ್ 1834ರಲ್ಲಿ ನೆಲೆಯೂರಿತ್ತು. ಹರ್ಮನ್ ಮೋಗ್ಲಿಂಗ್ 1843ರಲ್ಲಿ ಅಲ್ಲಿ ಆರಂಭಿಸಿದ ‘ಮಂಗಳೂರ ಸಮಾಚಾರ’ ಮರುವರ್ಷ ಬಳ್ಳಾರಿಗೆ ಬಂದು ‘ಕನ್ನಡ ಸಮಾಚಾರ’ವಾಗಿ ಅಚ್ಚಾಯಿತು. ಅದೇ 1844ರ ಜನವರಿಯಲ್ಲಿ ಮೋಗ್ಲಿಂಗರ ಶಿಷ್ಯ, ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದು ಹರ್ಮನ್ ಆನಂದರಾವ್ ಕೌಂಡಿನ್ಯ ಆದರು. 1825ರಲ್ಲಿ ಹುಟ್ಟಿದ ಅವರಿಗೆ ಆಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಊರು ಅಲ್ಲೋಲಕಲ್ಲೋಲವಾಯಿತು. ಬಾಸೆಲ್ ಮಿಷನ್ ಜಾತಿಯನ್ನು ಪೂರ್ತಿ ಬಿಡಬೇಕೆನ್ನುತ್ತಿತ್ತು. ಹಾಗಾಗಿ ನಂಬಿಕೆ ಒಳಗಿನ ಮಾತಾಗಿ ಉಳಿಯಲು ದಾರಿಯಿರಲಿಲ್ಲ. ಯಾರ ಮನೆಯಲ್ಲಿ ಉಣ್ಣಬೇಕು, ಯಾರ ಜೊತೆ ಕೂರಬೇಕು ಎಂಬಲ್ಲಿಗೇ ಅದು ಬಂದು ಮುಟ್ಟುತ್ತಿತ್ತು. ಕೌಂಡಿನ್ಯರು ದೇವರಿಗೆ ವಿಧೇಯರಾದ ಗಳಿಗೆಯಲ್ಲೇ ಮನೆಗೆ ಅವಿಧೇಯರಾದರು.

ಅವರು ಬಾಸೆಲ್‌ಗೆ ಹೋಗಿ ದೇವಶಾಸ್ತ್ರ ಓದಿ, 1851ರಲ್ಲಿ ಪಾದ್ರಿಯಾಗಿ ಮರಳಿದರು. ಮುಂದೆ ಕೊಡಗಿನಲ್ಲಿ ಜಮೀನು ಪಡೆದು, ಕ್ರೈಸ್ತರಾದ ಹೊಲೆಯ ಕುಟುಂಬಗಳಿಗೆ ಆನಂದಪುರದಲ್ಲಿ ನೆಲೆ ಮಾಡಿಕೊಟ್ಟರು. ಒಡೆಯರ ಜಮೀನಿಗೆ ಜೀತವಾಗಿ ಬಿಗಿದುಕೊಂಡಿದ್ದವರಿಗೆ ಯಾರ ಮಾತು ಕೇಳಬೇಕೆಂದು ತಾವೇ ತೀರ್ಮಾನಿಸುವುದು ಹೊಸ ಅನುಭವ. ಅವರ ಪಾಲಿಗೆ ಕೃಪೆಯ ಜೊತೆ ನೆಲವೂ ಬೇಕಿತ್ತು.

ಆದರೆ ಕೌಂಡಿನ್ಯರ ಹೆಂಡತಿ ಲಕ್ಷ್ಮಿ ಅವರ ಜೊತೆ ಹೋಗಲಿಲ್ಲ. ಮಿಷನ್ ಚರಿತ್ರೆಗಳನ್ನು ಓದುವಾಗ ನಾನು ಹೆಚ್ಚು ಹೊತ್ತು ನಿಲ್ಲುವುದು ಈ ಹೆಸರಿನ ಬಳಿ. ಗಂಡನದು ಆತ್ಮಸಾಕ್ಷಿಯ ನಿರ್ಧಾರ, ಹೆಂಡತಿಯದು ಬರೀ ಸಂಪ್ರದಾಯ ಎಂದು ಬರೆದುಬಿಡುವುದು ಸುಲಭ. ಗಂಡನನ್ನು ಹಿಂಬಾಲಿಸುವುದೇ ಪತ್ನಿಯ ಧರ್ಮ ಎನ್ನುತ್ತಿದ್ದ ಕಾಲದಲ್ಲಿ ಹಿಂಬಾಲಿಸದೆ ಉಳಿಯುವುದನ್ನು ಬರೀ ವಿಧೇಯತೆ ಎನ್ನಲಾಗದು.

ಕಾನೂನು ಈ ಗಂಟನ್ನು ತಡವಾಗಿ, ಕಂತಿನಲ್ಲಿ ಬಿಚ್ಚತೊಡಗಿತು. 1850ರ 21ನೇ ಕಾಯ್ದೆ ಮತ ಬಿಟ್ಟವನ ಆಸ್ತಿಯ ಹಕ್ಕನ್ನು ಕಾಯ್ದಿತು. ಕ್ರೈಸ್ತರಾದವರ ಸಂಗಾತಿ ಮತದ ಕಾರಣಕ್ಕೆ ಜೊತೆ ಬಾಳಲು ಒಪ್ಪದಿದ್ದರೆ, ಯೋಚಿಸಲು ಕಾಲಾವಕಾಶ ಕೊಟ್ಟು, ಆಮೇಲೆ ಮದುವೆ ಬಿಡಿಸಲು 1866ರ ಕಾಯ್ದೆ ದಾರಿ ಮಾಡಿತು. ಮತಾಂತರಗೊಳ್ಳದವರ ‘ಒಲ್ಲೆ’ ಎಂಬ ಮಾತನ್ನು ನ್ಯಾಯಾಲಯ ಕೇಳಿಸಿಕೊಳ್ಳಬೇಕಾಯಿತು.

ಕೃಪೆಗೆ ಬೆಲೆಯಿಲ್ಲ ಎಂಬುದು ಕ್ರೈಸ್ತ ನಂಬಿಕೆಯ ತಿರುಳು. ಅದನ್ನು ಒಪ್ಪಿಕೊಳ್ಳುವ ಆಯ್ಕೆಗೆ ಮಾತ್ರ ಬೆಲೆಯಿತ್ತು, ಅದನ್ನು ಆಯ್ದುಕೊಂಡವರೊಬ್ಬರೇ ತೆರಲಿಲ್ಲ. ಕೌಂಡಿನ್ಯರ ಧೈರ್ಯ ಇದರಿಂದ ಸಣ್ಣದಾಗುವುದಿಲ್ಲ. ಆ ಚರಿತ್ರೆಯಲ್ಲಿ ಲಕ್ಷ್ಮಿಗೂ ಒಂದು ಪುಟ ಸಲ್ಲಬೇಕು, ಅಷ್ಟೆ.