ಕಟ್ಟಡ ಸಮಿತಿ

ಚರಿತ್ರೆ ಪಾಠ ಮಾಡುವವರಿಗೆ ಒಂದು ಚಾಳಿ. ಪರರ ತಪ್ಪುಗಳನ್ನು ಇಸವಿ ಸಮೇತ ಒಪ್ಪಿಸುತ್ತೇವೆ. ನಮ್ಮದರ ಸರದಿ ಬಂದಾಗ ಇಸವಿಯೇ ಮರೆತುಹೋಗಿರುತ್ತದೆ. ನನ್ನದೊಂದು ತಪ್ಪಿನ ಇಸವಿಯನ್ನು ಮಾತ್ರ ನಾನು ಮರೆತಿಲ್ಲ. ಅದು 1986.

ಆಗ ನಾನು ನಮ್ಮ ತಾಲ್ಲೂಕು ಊರಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಚರಿತ್ರೆ ಹೇಳುತ್ತಿದ್ದೆ. ಕಾಲೇಜೆಂದರೆ ಒಂದು ಕಾಲಕ್ಕೆ ಛತ್ರವಾಗಿದ್ದ ಹೆಂಚಿನ ಕಟ್ಟಡ, ಹಿತ್ತಲಲ್ಲೊಂದು ಹುಣಸೆಮರ, ಸುತ್ತ ಅರ್ಧ ಬಿದ್ದ ಕಾಂಪೌಂಡು. ಮುನ್ನೂರು ಹುಡುಗಿಯರಿಗೆ ಇದ್ದದ್ದು ಎರಡು ಕಕ್ಕಸು. ಅವುಗಳಲ್ಲಿ ಒಂದಕ್ಕೆ ಬಾಗಿಲಿರಲಿಲ್ಲ, ಎರಡಕ್ಕೂ ನೀರಿರಲಿಲ್ಲ. ಹಳ್ಳಿಗಳಿಂದ ಬೆಳಗ್ಗೆ ಏಳರ ಬಸ್ಸಿಗೆ ಹೊರಡುತ್ತಿದ್ದ ಹುಡುಗಿಯರು ಸಂಜೆ ಮನೆ ಸೇರುವವರೆಗೆ ಒಂದು ಲೋಟ ನೀರು ಕುಡಿಯುತ್ತಿರಲಿಲ್ಲ. ತಿಂಗಳಲ್ಲಿ ಮೂರು ನಾಲ್ಕು ದಿನ ಹಾಜರಿ ಪುಸ್ತಕದಲ್ಲಿ ಯಾರ್‍ಯಾರ ಹೆಸರಿನ ಮುಂದೆ ಗೈರುಹಾಜರಿ ಬೀಳುತ್ತದೆ ಎಂಬುದು ನನಗೆ ಬಾಯಿಪಾಠವಾಗಿತ್ತು. ಏಕೆಂದು ಕೇಳಬೇಕಾಗಿಯೇ ಇರಲಿಲ್ಲ.

ಆ ವರ್ಷ ಕಾಲೇಜಿನ ಅಭಿವೃದ್ಧಿಗೆಂದು ಎರಡು ಲಕ್ಷ ರೂಪಾಯಿ ಅನುದಾನ ಬಂತು. ಕಟ್ಟಡ ಸಮಿತಿ ಮಾಡಿದರು. ಅಕ್ಕಿ ಗಿರಣಿಯ ಯಜಮಾನರು, ಒಬ್ಬ ವಕೀಲರು, ಒಬ್ಬ ನಿವೃತ್ತ ಎಂಜಿನಿಯರು, ನಮ್ಮ ಪ್ರಾಂಶುಪಾಲರು. ಮಹಿಳೆಯೊಬ್ಬರು ಇರಲಿ ಎಂದು ನಾನು. ಉಪ್ಪಿಟ್ಟು ಕೇಸರಿಬಾತು ಮುಗಿಯುವ ಹೊತ್ತಿಗೆ ತೀರ್ಮಾನವೂ ಆಗಿಹೋಗಿತ್ತು. “ಮುಂದುಗಡೆ ಒಂದು ಕಮಾನು ಇಲ್ಲದೇ ಇದ್ದರೆ ಇದನ್ನ ಕಾಲೇಜು ಅಂತ ಯಾರು ಹೇಳ್ತಾರೆ?” ಎಂದರು ಯಜಮಾನರು. ಎಲ್ಲರೂ ಹೌದೆಂದರು. ಕೊನೆಗೆ ಪ್ರಾಂಶುಪಾಲರು ನನ್ನ ಕಡೆ ತಿರುಗಿ, “ಮೇಡಂ, ತಾವೇನಾದರೂ?” ಎಂದು ಕೇಳಿದರು.

ಹೇಳಬೇಕಾದದ್ದು ನಾಲಗೆಯ ತುದಿಯಲ್ಲೇ ಇತ್ತು. ನಾಲ್ಕು ಜನ ಗಂಡಸರ ನಡುವೆ, ಕೇಸರಿಬಾತಿನ ತಟ್ಟೆಯ ಮುಂದೆ, ಆ ಶಬ್ದವನ್ನು ಹೇಗೆ ಆಡುವುದು? “ಏನಿಲ್ಲ ಸರ್, ಕಮಾನಿನ ಮೇಲೆ ಅಕ್ಷರ ಸ್ವಲ್ಪ ದೊಡ್ಡದಿರಲಿ” ಎಂದುಬಿಟ್ಟೆ. ಅಕ್ಷರ ದೊಡ್ಡದಾಗಿಯೇ ಬಂದಿತು. ಈಗಲೂ ಬಸ್‌ಸ್ಟ್ಯಾಂಡಿನಿಂದ ಕಾಣುತ್ತದೆ.

ಈ ಸಂಗತಿಯನ್ನು ನಾನು ಮರೆತೇ ಬಿಟ್ಟಿದ್ದೇನೆ ಎಂದುಕೊಂಡಿದ್ದೆ. ಅದು ಎದ್ದು ಬಂದದ್ದು ಇಪ್ಪತ್ತೈದು ವರ್ಷದ ಮೇಲೆ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಕುಪರ್ಟಿನೋ ಎಂಬ ಊರಿನಲ್ಲಿ. ನನ್ನ ಮಗಳು ಮದುವೆಯಾಗಿ ಹೋದದ್ದು ಅಲ್ಲಿಗೆ. ಅಳಿಯಂದಿರಿಗೆ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. ಇವಳಿಗೆ ಗಂಡನ ವೀಸಾದ ಮೇಲೆ ಹೋದ ಹೆಂಡತಿಯ ಪಾಡು: ಆ ದಿನಗಳಲ್ಲಿ ದುಡಿಯಲು ಅನುಮತಿ ಇರಲಿಲ್ಲ, ಓದಲು ಮಾತ್ರ ಅಡ್ಡಿಯಿರಲಿಲ್ಲ. ಇಲ್ಲಿ ಎಂ.ಎಸ್ಸಿ. ಮಾಡಿ ಎರಡು ವರ್ಷ ಕೆಲಸದಲ್ಲಿದ್ದವಳು ಅಲ್ಲಿ ಮಗುವಿನ ಜೊತೆ ನಾಲ್ಕು ಗೋಡೆಯೊಳಗೆ ಕುಳಿತು ಸೊರಗಿದ್ದಳು. 2011ರಲ್ಲಿ ನಾನು ಹೋಗುವ ಹೊತ್ತಿಗೆ ಮುಖದಲ್ಲಿ ಕಳೆ ಬಂದಿತ್ತು. “ಅಮ್ಮಾ, ನಾನು ಮತ್ತೆ ಕಾಲೇಜಿಗೆ ಹೋಗ್ತಿದೀನಿ” ಎಂದಳು. ಡಿ ಆಂಜಾ ಕಾಲೇಜು, ಮನೆಯಿಂದ ನಡೆದರೆ ಇಪ್ಪತ್ತು ನಿಮಿಷ.

ಅಲ್ಲಿ ಇಂಥದ್ದನ್ನು ಕಮ್ಯುನಿಟಿ ಕಾಲೇಜು ಎನ್ನುತ್ತಾರೆ. ಊರಿನವರಿಗಾಗಿ ಊರಿನವರ ತೆರಿಗೆಯ ಆಸರೆಯಲ್ಲಿ ನಡೆಯುವ ಎರಡು ವರ್ಷದ ಕಾಲೇಜು. ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ 1901ರಲ್ಲಿ ಇಂಥ ಮೊದಲ ಸರ್ಕಾರಿ ಕಾಲೇಜು ಹುಟ್ಟಿತು. ಕ್ಯಾಲಿಫೋರ್ನಿಯಾ 1960ರಲ್ಲಿ ಉನ್ನತ ಶಿಕ್ಷಣಕ್ಕೆ ಒಂದು ಮಹಾಯೋಜನೆ ಮಾಡಿಕೊಂಡಾಗ, ದೊಡ್ಡ ವಿಶ್ವವಿದ್ಯಾಲಯಕ್ಕೆ ಮೇಲಿನ ಎಂಟನೆಯ ಒಂದು ಭಾಗದ ಜಾಣರು ಹೋಗಲಿ, ಈ ಕಾಲೇಜುಗಳ ಬಾಗಿಲು ಮಾತ್ರ ಕಲಿಯಬಲ್ಲ ಎಲ್ಲರಿಗೂ ತೆರೆದಿರಲಿ ಎಂದು ಗೊತ್ತುಮಾಡಿತು. ಹದಿನೆಂಟರ ಹುಡುಗನ ಪಕ್ಕದಲ್ಲಿ ಅರವತ್ತರ ಅಜ್ಜಿ ಕೂರುವ ತರಗತಿ ಅದು.

ಎಲ್ಲರೂ ಬರುತ್ತಾರೆಂದರೆ ಕಟ್ಟಡ ಹೇಗಿರಬೇಕು? ಮೊಮ್ಮಗನ ಕೈ ಹಿಡಿದು ದಿನವೂ ಆ ಆವರಣದಲ್ಲಿ ಸುತ್ತುತ್ತಾ ನಾನು ನೋಡಿದ್ದು ಇದನ್ನೇ. ಹತ್ತಲು ಎಲ್ಲೆಲ್ಲಿ ಮೆಟ್ಟಿಲಿತ್ತೋ ಹತ್ತಿರದಲ್ಲೇ ಇಳಿಜಾರು ದಾರಿಯೂ ಇತ್ತು. ಅಂಗವಿಕಲರಿಗೆಂದು ಆ ದೇಶ 1990ರಲ್ಲಿ ತಂದ ಕಾನೂನಿನ ಫಲ ಅದು. ಮಕ್ಕಳ ತಳ್ಳುಗಾಡಿಗೂ ನನ್ನ ಮಂಡಿನೋವಿಗೂ ಅದರಿಂದ ಉಪಕಾರವಾಯಿತು. ಕಾರುಗಳೆಲ್ಲ ಹೊರವಲಯದಲ್ಲಿ ನಿಲ್ಲಬೇಕು, ಒಳಗೆ ನಡೆಯುವವರದೇ ರಾಜ್ಯ. ಓದುವ ತಾಯಂದಿರ ಮಕ್ಕಳಿಗೂ ಅಲ್ಲಿ ಜಾಗವಿತ್ತು. ಮೂರು ವರ್ಷದವನು ತನ್ನಷ್ಟಕ್ಕೆ ಕೈ ತೊಳೆಯುವಷ್ಟು ತಗ್ಗಿನಲ್ಲಿ ಬೇಸಿನ್ನು. ನನ್ನ ಮಗಳು ಲೆಕ್ಕಪತ್ರದ ಪಾಠಕ್ಕೆ ಕುಳಿತಿದ್ದಾಗ ನನ್ನ ಮೊಮ್ಮಗ ನೂರಡಿ ದೂರದಲ್ಲಿ ಮರಳಾಡುತ್ತಿದ್ದ. ಆ ಕೋಣೆ ಇಲ್ಲದಿದ್ದರೆ ಅವಳ ಓದೂ ಇರುತ್ತಿರಲಿಲ್ಲ.

ಹಳೆಯ ಚಾಳಿ ಬಿಡುತ್ತದೆಯೇ? ಲೈಬ್ರರಿಯಲ್ಲಿ ಕುಳಿತು ಈ ಕಾಲೇಜಿನ ಚರಿತ್ರೆ ಕೆದಕಲು ಶುರುಮಾಡಿದೆ. ಅಲ್ಲಿಯ ಎರಡು ಅವಳಿ ಕಾಲೇಜುಗಳಲ್ಲಿ ಹಿರಿಯದು ಫುಟ್‌ಹಿಲ್. ಆಡಳಿತ ಮಂಡಲಿ ಹುಟ್ಟಿದ್ದು 1957ರಲ್ಲಿ, ಪಾಠ ಶುರುವಾದದ್ದು 1958ರಲ್ಲಿ, ಹೆದ್ದಾರಿ ಬದಿಯ ಒಂದು ಹಳೆಯ ಶಾಲೆಯಲ್ಲಿ. ನಮ್ಮ ಛತ್ರದ ಹಾಗೆಯೇ ಅನ್ನಿ. ಮೂರೇ ವರ್ಷದಲ್ಲಿ, 1961ಕ್ಕೆ, ಲಾಸ್ ಆಲ್ಟೋಸ್ ಹಿಲ್ಸ್‌ನ ಗುಡ್ಡದ ಮೇಲೆ ಸ್ವಂತ ಮನೆ ಸೇರಿತು. ಅರ್ನೆಸ್ಟ್ ಕಂಪ್ ಎಂಬ ವಾಸ್ತುಶಿಲ್ಪಿ ಇನ್ನೊಂದು ಸಂಸ್ಥೆಯೊಡನೆ ಸೇರಿ ಮಾಡಿದ ನಕ್ಷೆ. ವಾಹನಗಳನ್ನು ಗುಡ್ಡದ ಬುಡದಲ್ಲಿ ನಿಲ್ಲಿಸಿ, ತುದಿಯಲ್ಲಿ ಅಗಲ ಸೂರಿನ ಮರದ ಮನೆಗಳಂಥ ತರಗತಿಗಳನ್ನು ಹುಲ್ಲುಹಾಸಿನ ಸುತ್ತ ಜೋಡಿಸಿದ್ದಾರೆ. ಬೇರೆ ಕಡೆಯವರು ನೋಡಿ ಕಲಿಯಲು ಬರುವಷ್ಟು ಅದು ಹೆಸರಾಯಿತು.

ಕಿರಿಯದಾದ ಡಿ ಆಂಜಾ ತೆರೆದದ್ದು 1967ರಲ್ಲಿ, ಸಮತಟ್ಟಾದ 112 ಎಕರೆಯಲ್ಲಿ. ಹತ್ತೊಂಬತ್ತನೇ ಶತಮಾನದ ಕೊನೆಗೆ ಅದು ಬಾಲ್ಡ್ವಿನ್ ಎಂಬ ಸಿರಿವಂತರ ದ್ರಾಕ್ಷಿ ತೋಟ. ಅದಕ್ಕೆ ಹೊಂದುವಂತೆ ಇಲ್ಲಿ ಸ್ಪೇನಿನವರ ಕಾಲದ ಹೆಂಚಿನ ಮಾಡು. ನಮ್ಮ ನಾಡಹೆಂಚಿನ ಅಣ್ಣನೋ ತಮ್ಮನೋ ಇರಬೇಕು. ತೋಟದ ಯಜಮಾನರು ಮಾಡಿಸಿದ ತಗ್ಗಿನ ಹೂದೋಟವನ್ನು ಉಳಿಸಿಕೊಂಡರು. ಫ್ರಾನ್ಸಿನ ಅರಮನೆಯೊಂದರ ಮಾದರಿಯಲ್ಲಿ ಕಟ್ಟಿದ್ದ ಅವರ ಬಂಗಲೆಯನ್ನೂ ಕೆಡವಲಿಲ್ಲ. ಬೇರೆ ಜಾಗಕ್ಕೆ ಸರಿಸಿ, ದುರಸ್ತಿ ಮಾಡಿ, ಕ್ಯಾಲಿಫೋರ್ನಿಯಾದ ಚರಿತ್ರೆಯ ಕೇಂದ್ರ ಮಾಡಿಕೊಂಡರು.

ಆ ಸೀಮೆ ಭೂಕಂಪದ್ದು. 1933ರ ಮಾರ್ಚ್ 10ರ ಸಂಜೆ ಆರಕ್ಕೆ ಕೆಲವು ನಿಮಿಷ ಇರುವಾಗ ಲಾಂಗ್ ಬೀಚ್ ಕಡೆ ನೆಲ ನಡುಗಿ ಎಷ್ಟೋ ಶಾಲೆಗಳು ಕುಸಿದವು. ಮಕ್ಕಳು ಮನೆಗೆ ಹೋಗಿಯಾಗಿತ್ತು. ಕೆಲವು ಗಂಟೆ ಮೊದಲಾಗಿದ್ದರೆ? ಆ ಪ್ರಶ್ನೆ ಯಾವ ತಾಯಿಯ ಎದೆಯನ್ನು ಬಿಟ್ಟೀತು? ಒಂದೇ ತಿಂಗಳಲ್ಲಿ ಫೀಲ್ಡ್ ಕಾಯಿದೆ ಬಂತು. ಸರ್ಕಾರಿ ಶಾಲೆಯ ನಕ್ಷೆಯನ್ನು ರಾಜ್ಯದ ತಜ್ಞರು ನೋಡಿ ಒಪ್ಪಬೇಕು, ಕಟ್ಟುವಾಗ ಪರಿಶೀಲಕ ಸ್ಥಳದಲ್ಲಿರಬೇಕು. ಈ ಕಾಲೇಜುಗಳೂ ಆ ಕಾಯಿದೆಯ ಕೆಳಗೆ ಬಂದವು. ಕಟ್ಟಡ ಬೇಗ ಏಳುವುದಿಲ್ಲ. ಎದ್ದದ್ದು ಸುಲಭಕ್ಕೆ ಬೀಳುವುದಿಲ್ಲ.

ಕಟ್ಟುವುದೇನೋ ಕಟ್ಟಿಬಿಡಬಹುದು, ಮೂವತ್ತು ವರ್ಷ ಕಳೆದ ಮೇಲೆ? ಮನೆ ನಡೆಸುವ ನಮಗೆ ಗೊತ್ತು, ಗೃಹಪ್ರವೇಶಕ್ಕಿಂತ ಸೋರುವ ಮಾಡಿನ ಖರ್ಚು ಕಷ್ಟದ್ದು. 1978ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಆಸ್ತಿ ತೆರಿಗೆಗೆ ಶೇಕಡ ಒಂದರ ಕಡಿವಾಣ ಹಾಕಿದರು. ಮನೆಯವರಿಗೆ ಹಗುರವಾಯಿತು, ಕಾಲೇಜುಗಳ ಕೈ ಕಟ್ಟಿತು. ಉಳಿದ ಮುಖ್ಯ ದಾರಿಯೆಂದರೆ ಊರಿನವರ ಮುಂದೆಯೇ ಹೋಗಿ ಕೇಳುವುದು. “ಸಾಲಪತ್ರ ಮಾರಿ ಹಣ ಎತ್ತುತ್ತೇವೆ, ಅದನ್ನು ತೀರಿಸಲು ನಿಮ್ಮ ಆಸ್ತಿ ತೆರಿಗೆಗೆ ಇಷ್ಟು ಸೇರುತ್ತದೆ, ಒಪ್ಪುತ್ತೀರಾ?” 1999ರಲ್ಲಿ ಈ ಎರಡು ಕಾಲೇಜುಗಳು ಕೇಳಿದ್ದು 24 ಕೋಟಿ 80 ಲಕ್ಷ ಡಾಲರು. ಮೂರರಲ್ಲಿ ಎರಡು ಪಾಲು ಮತ ಬೇಕಿತ್ತು, ಸಿಕ್ಕಿತು. 2006ರಲ್ಲಿ ಮತ್ತೆ 49 ಕೋಟಿ ಡಾಲರು ಕೇಳಿದರು. ಅಷ್ಟು ಹೊತ್ತಿಗೆ ನಿಯಮ ಬದಲಾಗಿ ಶೇಕಡ 55 ಮತ ಸಾಕಾಗಿತ್ತು. ಅದೂ ಸಿಕ್ಕಿತು. ನಾನು ಹೋದಾಗ ಆ ಹಣದ ಕೆಲಸ ನಡೆಯುತ್ತಿತ್ತು, ಅಲ್ಲಲ್ಲಿ ತಂತಿಬೇಲಿ.

ಮತದ ಅಂಕಿ ಇಳಿಸಿದ 2000ದ ಆ ನಿಯಮಕ್ಕೆ ಒಂದು ಷರತ್ತು ಅಂಟಿಕೊಂಡಿತ್ತು. ಹಣ ಹೇಗೆ ಖರ್ಚಾಗುತ್ತದೆಂದು ನೋಡಲು ನಾಗರಿಕರ ಸಮಿತಿ ಇರಬೇಕು, ಕನಿಷ್ಠ ಏಳು ಜನ. ಅದರಲ್ಲಿ ತೆರಿಗೆದಾರರ ಕಡೆಯವರೊಬ್ಬರು, ವ್ಯಾಪಾರಸ್ಥರೊಬ್ಬರು, ಹಿರಿಯ ನಾಗರಿಕರ ಸಂಘದವರೊಬ್ಬರು ಇರಬೇಕು. ಮತ್ತು ಆ ಕಾಲೇಜಿನಲ್ಲೇ ಓದುತ್ತಿರುವ ಒಬ್ಬ ವಿದ್ಯಾರ್ಥಿ ಇರಲೇಬೇಕು. ಸಭೆಗಳು ಬಹಿರಂಗ. ಯಾರು ಬೇಕಾದರೂ ಬಂದು ಎದ್ದು ನಿಂತು ಮಾತಾಡಬಹುದು. ಅದಕ್ಕೂ 1953ರಿಂದ ಕಾಯಿದೆಯಿದೆ.

ಇದನ್ನು ಓದಿದಾಗ ನನಗೆ ನಮ್ಮ ಉಪ್ಪಿಟ್ಟು ಕೇಸರಿಬಾತಿನ ಸಭೆ ಕಣ್ಣಮುಂದೆ ಬಂತು. ಅಲ್ಲಿ ಐದು ಕುರ್ಚಿಗಳಿದ್ದವು. ಐದರಲ್ಲಿ ಒಬ್ಬರಾದರೂ ಬಾಯಾರಿಕೊಂಡು ಏಳರ ಬಸ್ಸಿಗೆ ಬಂದವರಲ್ಲ. ಬಂದವರನ್ನು ದಿನವೂ ಕಣ್ಣಾರೆ ನೋಡುತ್ತಿದ್ದವಳು ಅಕ್ಷರ ದೊಡ್ಡದಿರಲಿ ಎಂದಳು. ಹಣ ಸಾಲಲಿಲ್ಲ ಎಂದು ನಾನು ಇಷ್ಟು ವರ್ಷ ಸಮಾಧಾನ ಹೇಳಿಕೊಂಡಿದ್ದೆ. ಎರಡು ಲಕ್ಷ ಆ ಕಾಲಕ್ಕೆ ಕಡಿಮೆಯೇ? ಸಾಲದೇ ಹೋದದ್ದು ನನ್ನ ಬಾಯಿ.

ಅಲ್ಲಿಯವರು ದೇವತೆಗಳು, ನಾವು ದಡ್ಡರು ಎಂದು ನಾನು ಹೇಳುತ್ತಿಲ್ಲ. ಅವರಿಗೂ ಅವರ ಕಮಾನುಗಳಿದ್ದವು. ಡಿ ಆಂಜಾದಲ್ಲಿ 1971ರಲ್ಲಿ ಸುಮಾರು 2,400 ಆಸನಗಳ ಫ್ಲಿಂಟ್ ಸೆಂಟರ್ ಎಂಬ ಭವ್ಯ ರಂಗಮಂದಿರ ಕಟ್ಟಿದರು. 1984ರಲ್ಲಿ ಆಪಲ್ ಕಂಪನಿ ತನ್ನ ಮ್ಯಾಕಿಂತೋಷ್ ಕಂಪ್ಯೂಟರನ್ನು ಲೋಕಕ್ಕೆ ತೋರಿಸಿದ್ದು ಅಲ್ಲೇ. ಊರಿಗೆಲ್ಲ ಅದರ ಮೇಲೆ ಅಭಿಮಾನ, ಆದರೆ ವಿದ್ಯಾರ್ಥಿಗಳಿಗೆ ನಿತ್ಯದ ಉಪಯೋಗ ಕಡಿಮೆ, ಹಳತಾದಂತೆ ದುರಸ್ತಿಯ ಖರ್ಚು ದೊಡ್ಡದು. 2019ರಲ್ಲಿ ಆಡಳಿತ ಮಂಡಲಿ ಅದನ್ನು ಮುಚ್ಚಿತು. ಹಲವರು ಹಳಹಳಿಸಿದರು.

ಇನ್ನೂ ಒಂದಿದೆ. 2020ರ ಮಾರ್ಚಿಯಲ್ಲಿ ಆ ಊರುಗಳ ಮತದಾರರ ಮುಂದೆ ಒಂದೇ ದಿನ ಎರಡು ಪ್ರಶ್ನೆ ಬಂದವು. ಕಟ್ಟಡಗಳಿಗೆ 89 ಕೋಟಿ 80 ಲಕ್ಷ ಡಾಲರಿನ ಸಾಲ. ಅದಕ್ಕೆ ಶೇಕಡ 55 ಸಾಕು, ಗೆದ್ದಿತು. ಮೇಷ್ಟರುಗಳನ್ನು ಉಳಿಸಿಕೊಳ್ಳಲು, ವಿದ್ಯಾರ್ಥಿಗಳ ನೆರವಿಗೆ ಒಂದು ಸಣ್ಣ ತೆರಿಗೆ. ಅದಕ್ಕೆ ಮೂರರಲ್ಲಿ ಎರಡು ಪಾಲು ಬೇಕು, ಸೋತಿತು. ಮಗಳು ಫೋನಿನಲ್ಲಿ ಇದನ್ನು ಹೇಳಿದಾಗ ನನಗೆ ನಗುವೂ ಬಂತು. ಗೋಡೆಗೆ ಹಣ ಕೊಡುವುದು ಎಲ್ಲ ದೇಶದಲ್ಲೂ ಸುಲಭ. ಗೋಡೆಯ ನಡುವೆ ಇರುವವರಿಗೆ ಕೊಡುವುದೇ ಕಷ್ಟ.

ಊರಿಗೆ ವಾಪಸಾದ ಮರುವರ್ಷ ನಮ್ಮ ಕಾಲೇಜಿನವರು ಮನೆಗೆ ಬಂದರು. ನಾನು ನಿವೃತ್ತಳಾಗಿ ಎಂಟು ವರ್ಷವಾಗಿತ್ತು. ಹೊಸದೊಂದು ಕಟ್ಟಡ ಸಮಿತಿ, ಹಳೆಯ ಅಧ್ಯಾಪಕಿ ಎಂದು ನಾನಿರಬೇಕಂತೆ. “ಬರುತ್ತೇನೆ, ಆದರೆ ಇಬ್ಬರು ಹುಡುಗಿಯರೂ ಸಮಿತಿಯಲ್ಲಿ ಇರಬೇಕು” ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಮಕ್ಕಳಿಗೇನು ತಿಳಿಯುತ್ತೆ ಮೇಡಂ?” ಎಂದರು. ಕೊನೆಗೆ ಒಪ್ಪಿದರು, ಮನಸ್ಸಿಲ್ಲದೆ.

ಸಭೆಯಲ್ಲಿ ಕಂಪ್ಯೂಟರ್ ಲ್ಯಾಬಿನ ಮಾತಾಯಿತು, ಮುಂದಿನ ತೋಟದ ಮಾತಾಯಿತು. ಶೌಚಾಲಯದ ಮಾತನ್ನು ಈ ಸಲ ನಾನೇ ಎತ್ತಿದೆ. ಎಲ್ಲರಿಗೂ ಸಂತೋಷ. “ಅದು ಆಗಲೇ ಆಗಿದೆಯಲ್ಲ ಮೇಡಂ, ಆರು ಇದೆ, ಟೈಲ್ಸ್ ಹಾಕಿಸಿದೀವಿ” ಎಂದರು. ನಾನು ಪೆಚ್ಚಾದೆ. ಆಗ ಮೂಲೆಯಲ್ಲಿ ಕುಳಿತಿದ್ದ ಎರಡನೇ ಬಿ.ಎ. ಹುಡುಗಿ ಮೆಲ್ಲಗೆ ಎದ್ದು ನಿಂತಳು. ಕೈ ನಡುಗುತ್ತಿತ್ತು.

“ಸರ್, ಅದಕ್ಕೆ ಬೀಗ ಹಾಕಿರ್ತಾರೆ. ಕೀ ಆಫೀಸಿನಲ್ಲಿರುತ್ತೆ. ಅಲ್ಲಿ ಹೋಗಿ ಕೇಳೋಕೆ ನಮಗೆ ನಾಚಿಕೆಯಾಗುತ್ತೆ.”

ಕೋಣೆ ಸ್ತಬ್ಧವಾಯಿತು. ಆರು ಕಟ್ಟಿದವರಿಗೂ ಗೊತ್ತಿರಲಿಲ್ಲ, ಆರು ಕಟ್ಟಿ ಎಂದು ಹೇಳಲು ಬಂದ ನನಗೂ ಗೊತ್ತಿರಲಿಲ್ಲ. ಪ್ರಾಂಶುಪಾಲರು ಅಟೆಂಡರನ್ನು ಕರೆದು ಅಂದೇ ಬೀಗ ತೆಗೆಸಿದರು. ಅದಕ್ಕೆ ಅನುದಾನ ಬೇಕಾಗಲಿಲ್ಲ, ಟೆಂಡರು ಬೇಕಾಗಲಿಲ್ಲ.

ಸಭೆ ಮುಗಿಸಿ ಹೊರಗೆ ಬಂದಾಗ ಆ ಹುಡುಗಿ ಕಮಾನಿನ ಕೆಳಗೆ ಬಸ್ಸಿಗೆ ಕಾಯುತ್ತಿದ್ದಳು. ಹೆಗಲ ಚೀಲದಿಂದ ನೀರಿನ ಬಾಟಲಿ ತೆಗೆದು ಕುಡಿಯುತ್ತಿದ್ದಳು. ನಾನು ಅವಳ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಂತೆ. ಅವಳ ವಯಸ್ಸಿಗೆ ಎರಡರಷ್ಟಿದ್ದಾಗ ನನ್ನಿಂದಾಗದ ಕೆಲಸವನ್ನು ಅವಳು ಮಾಡಿದ್ದಳು. ಅದನ್ನು ಅವಳಿಗೆ ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಬಸ್ಸು ಬಂತು.