ಒಂದು ಗುಂಡು, ಒಂದು ತಿರುಪು: ಹೆರಾಲ್ಡ್ ಕಾರಿನ ಮುಂಗಾಲು

ನನ್ನ ಬಳಿ ಓದಿದವರಲ್ಲಿ ಇಬ್ಬರು ಮೂವರಿಗೆ ಈಗ ಹಳೆಯ ಕಾರುಗಳ ಹುಚ್ಚು ಹಿಡಿದಿದೆ. ಅವರಲ್ಲೊಬ್ಬರು ಸ್ಟ್ಯಾಂಡರ್ಡ್ ಹೆರಾಲ್ಡ್ ಕೊಂಡು, ಮುಂಭಾಗದ ಬಾಲ್ ಜಾಯಿಂಟ್ ಬದಲಾಯಿಸಲು ಹೊರಟಿದ್ದಾರೆಂದು ತಿಳಿಯಿತು. ನಾನು ಮೆಕ್ಯಾನಿಕ್ ಅಲ್ಲ. ಆದರೆ ಆ ಕಾರಿನ ಮುಂಗಾಲಿಗೆ ಒಂದು ಇತಿಹಾಸವಿದೆ, ಮತ್ತು ಅದನ್ನು ತಿಳಿಯದೆ ಅದಕ್ಕೆ ಕೈಹಚ್ಚುವುದು ಅಪಾಯ. ಆದ್ದರಿಂದ ಈ ಬರಹ.

ಎತ್ತಿನ ಗಾಡಿ ತಿರುಗುವಾಗ ಇಡೀ ಗಾಡಿಯೇ ಎತ್ತುಗಳ ಹಿಂದೆ ತಿರುಗುತ್ತದೆ. ಯುರೋಪಿನ ನಾಲ್ಕು ಚಕ್ರದ ಕುದುರೆಗಾಡಿಗಳಲ್ಲಿ ಮುಂದಿನ ಅಚ್ಚು ಪೂರ್ತಿಯಾಗಿ ನಡುವಿನ ಗೂಟದ ಸುತ್ತ ತಿರುಗುತ್ತಿತ್ತು. ಇಕ್ಕಟ್ಟಾದ ತಿರುವಿನಲ್ಲಿ ಗಾಡಿ ಮಗುಚುವುದೂ ಇತ್ತು. ಮ್ಯೂನಿಕ್ ನಗರದ ಗಾಡಿ ತಯಾರಕ ಲಂಕೆನ್‌ಸ್ಪೆರ್ಗರ್ ಎಂಬಾತ ಅಚ್ಚನ್ನು ಸ್ಥಿರವಾಗಿಟ್ಟು, ಅದರ ಎರಡು ತುದಿಗಳಲ್ಲಿ ಚಕ್ರಗಳು ಮಾತ್ರ ತಿರುಗುವಂತೆ ಮಾಡಿದನು. ಅವನ ಪರವಾಗಿ 1818ರಲ್ಲಿ ಲಂಡನ್ನಿನಲ್ಲಿ ಪೇಟೆಂಟ್ ಪಡೆದವನು ರುಡಾಲ್ಫ್ ಆಕರ್‌ಮನ್, ಚಿತ್ರಗಳ ಮತ್ತು ಪುಸ್ತಕಗಳ ಪ್ರಕಾಶಕ. ಇಂದಿಗೂ ಆ ಏರ್ಪಾಟಿಗಿರುವುದು ಆಕರ್‌ಮನ್ನನ ಹೆಸರೇ. ದುಡಿದವನಿಗಿಂತ ಅರ್ಜಿ ಬರೆದವನ ಹೆಸರು ಉಳಿಯುವುದು ಹೊಸದೇನಲ್ಲವಷ್ಟೆ!

ಹೀಗೆ ಅಚ್ಚಿನ ತುದಿಯಲ್ಲಿ ನಿಂತ ಕೀಲನ್ನೇ ಮೋಟಾರು ಕಾರಿನಲ್ಲಿ ಕಿಂಗ್ ಪಿನ್ ಎಂದರು. ಅದು ಬಾಗಿಲಿನ ತಿರುಗಣಿಯಂತೆ. ಒಂದೇ ಬಗೆಯಲ್ಲಿ ತಿರುಗಬಲ್ಲದು. ಚಕ್ರ ಮೇಲೆ ಕೆಳಗೆ ಆಡಬೇಕಾದರೆ ಇನ್ನಷ್ಟು ಕೀಲುಗಳು ಬೇಕು, ಒಂದೊಂದಕ್ಕೂ ಬುಷ್ ಬೇಕು, ಬುಷ್‌ಗೆ ಗ್ರೀಸು ಬೇಕು. ನಮ್ಮ ಭುಜದಲ್ಲಿ ಪ್ರಕೃತಿ ಇಟ್ಟಿರುವುದು ಬೇರೆಯೇ ಉಪಾಯ. ಎಂಟನೆಯ ತರಗತಿಯಲ್ಲಿ ತೋಳನ್ನು ಸುತ್ತಿಸಿ ತೋರಿಸುತ್ತಿದ್ದೆನಲ್ಲ, ಆ ಚೆಂಡು-ಗುಳಿ ಕೀಲು ನೆನಪಿದೆಯೇ? ಉಕ್ಕಿನ ಗುಂಡೊಂದನ್ನು ಮುಚ್ಚಿದ ಗುಳಿಯೊಳಗೆ ಕೂರಿಸಿದ ಇಂತಹ ಕೀಲಿಗೆ ಜರ್ಮನಿಯ ಫ್ರಿಟ್ಸ್ ಫೌಡಿ 1922ರಲ್ಲಿ ಪೇಟೆಂಟ್ ಪಡೆದನು. ಅಮೆರಿಕದ ಲಿಂಕನ್ ಕಾರಿನ ಮುಂಭಾಗಕ್ಕೆ ಅದು 1952ರಲ್ಲಿ ಬಂತು, ಫೋರ್ಡ್ ಕಾರಿಗೆ 1954ರಲ್ಲಿ. ಚಕ್ರ ತಿರುಗುವುದೂ ಏರಿಳಿಯುವುದೂ ಒಂದೇ ಕೀಲಿನಲ್ಲಿ ನಡೆಯತೊಡಗಿತು.

ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಟ್ರಯಂಫ್ ಹೆರಾಲ್ಡ್ ಹುಟ್ಟಿದ್ದು 1959ರಲ್ಲಿ. ಅದರ ರೂಪವನ್ನು ಬಿಡಿಸಿದವನು ಇಟಲಿಯ ಮಿಕೆಲೊಟ್ಟಿ. ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಸಂಸ್ಥೆ 1961ರಿಂದ ಅದನ್ನು ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ತಯಾರಿಸಿತು. ಕೇವಲ 25 ಅಡಿ ವ್ಯಾಸದ ವೃತ್ತದಲ್ಲಿ ತಿರುಗಿ ನಿಲ್ಲುತ್ತಿದ್ದ ಆ ಪುಟ್ಟ ಕಾರು ನಮ್ಮ ಅಗ್ರಹಾರದ ಬೀದಿಗಳಿಗೆ ಹೇಳಿ ಮಾಡಿಸಿದಂತಿತ್ತು.

ಈ ಕಾರಿನ ಮುಂಗಾಲಿನಲ್ಲಿ ಎರಡು ಕಾಲಗಳು ಒಟ್ಟಿಗೆ ನಿಂತಿವೆ. ಚಕ್ರವನ್ನು ಹಿಡಿದಿರುವ ನೆಟ್ಟನೆಯ ಉಕ್ಕಿನ ಕಂಬದ ಮೇಲ್ತುದಿಗೆ ಬಾಲ್ ಜಾಯಿಂಟ್ ಇದೆ. ಕೆಳತುದಿಯಲ್ಲಿ ಮಾತ್ರ ಅದೇ ಕಂಬಕ್ಕೆ ತಿರುಪಿನ ಸುತ್ತುಗಳನ್ನು ಕೊರೆದು, ಟ್ರನಿಯನ್ ಎಂಬ ಕಂಚಿನ ತುಂಡಿನೊಳಗೆ ತಿರುಗಿಸಿ ಇಳಿಸಿದ್ದಾರೆ. ಸ್ಟಿಯರಿಂಗ್ ತಿರುಗಿಸಿದಾಗಲೆಲ್ಲ ಕಂಬವು ಆ ತಿರುಪಿನಲ್ಲಿ ತುಸು ಬಿಗಿಯುತ್ತದೆ, ತುಸು ಸಡಿಲುತ್ತದೆ. ಸ್ಪ್ರಿಂಗ್ ಕೆಳಗಿನ ತೋಳನ್ನು ಒತ್ತುವುದರಿಂದ ಕಾರಿನ ಮುಂಭಾಗದ ಭಾರ ಹೊರುವುದೂ ಈ ಹಳೆಯ ತಿರುಪೇ; ಮೇಲಿನ ಹೊಸ ಗುಂಡಿನದು ಹಗುರವಾದ ಚಾಕರಿ. ತಯಾರಕರು ಈ ತಿರುಪಿಗೆ ವಿಧಿಸಿದ್ದು ಗ್ರೀಸನ್ನಲ್ಲ, 90 ನಂಬರಿನ ಗೇರ್ ಆಯಿಲನ್ನು. ಗ್ರೀಸು ಸುತ್ತುಗಳ ತಳದವರೆಗೆ ಇಳಿಯುವುದಿಲ್ಲ, ಕಾಲಕ್ರಮದಲ್ಲಿ ಗಟ್ಟಿಯಾಗುತ್ತದೆ. ಆಮೇಲೆ ನೀರು ಸೇರಿ, ತುಕ್ಕು ಹಿಡಿದು, ಉಕ್ಕು ಬಿರುಕು ಬಿಡುತ್ತದೆ.

ಇದು ಪುಸ್ತಕದ ಮಾತಲ್ಲ. ನನ್ನ ಸೋದರಮಾವನವರಲ್ಲಿ ಹೆರಾಲ್ಡ್ ಇತ್ತು. 1974ರ ಬೇಸಿಗೆಯಲ್ಲಿ ನಾವು ಆರು ಜನ ಮೈಸೂರಿನಿಂದ ಮಡಿಕೇರಿಗೆ ಮದುವೆಗೆಂದು ಹೊರಟೆವು. ಗೇಟಿನಿಂದ ಹೊರಗೆ ಬಂದು ಸ್ಟಿಯರಿಂಗನ್ನು ಪೂರ್ತಿ ಎಡಕ್ಕೆ ತಿರುಗಿಸುತ್ತಿದ್ದಂತೆ ಟಪ್ಪೆಂದು ಸದ್ದಾಯಿತು. ಚಕ್ರ ಕುಂಟನ ಕಾಲಿನಂತೆ ಮಡಿಸಿಕೊಂಡು ಕಾರು ಮೂಗು ಊರಿತು. ಯಾರಿಗೂ ಪೆಟ್ಟಾಗಲಿಲ್ಲ. ಕರೆಸಿದ ಮೆಕ್ಯಾನಿಕ್, "ಹೋದ ತಿಂಗಳಷ್ಟೇ ಗ್ರೀಸು ಚೆನ್ನಾಗಿ ತುಂಬಿದ್ದೆನಲ್ಲ ಸ್ವಾಮಿ" ಎಂದನು. ಅವನು ಸುಳ್ಳು ಹೇಳಲಿಲ್ಲ. ಅಂಬಾಸಿಡರಿಗೂ ಫಿಯಟ್ಟಿಗೂ ಮಾಡುವುದನ್ನೇ ಇದಕ್ಕೂ ಮಾಡಿದ್ದ. ಮಾವನವರು ಒಂದು ಮಾತೂ ಆಡದೆ ಮುರಿದ ತುಂಡನ್ನು ಕೈಗೆತ್ತಿಕೊಂಡು ನೋಡಿದರು. ಮುರುಕಿನ ಅರ್ಧ ಭಾಗ ಹೊಳೆಯುತ್ತಿತ್ತು, ಅರ್ಧ ಭಾಗ ಕಪ್ಪಾಗಿತ್ತು. ಅಂದರೆ ಆ ಬಿರುಕು ಹಳೆಯದು; ಎಷ್ಟು ದಿನಗಳಿಂದ ನಮ್ಮನ್ನು ಹೊತ್ತು ಓಡಾಡಿತ್ತೋ. ಈ ಭಾಗ ಸಾಮಾನ್ಯವಾಗಿ ನಿಧಾನವಾಗಿ, ಪೂರ್ತಿ ತಿರುಗಿಸುವಾಗಲೇ ಮುರಿಯುತ್ತದೆ ಎನ್ನುತ್ತಾರೆ. ಆನೆಚೌಕೂರಿನ ಕಾಡಿನ ತಿರುವುಗಳನ್ನು ನೆನೆದಾಗ ಆ ಮಾತು ನನಗೆ ಅಷ್ಟೇನೂ ಸಮಾಧಾನ ಕೊಡುವುದಿಲ್ಲ.

ಈ ವಿನ್ಯಾಸ ಕೆಟ್ಟದ್ದೆಂದು ಹೇಳಿದರೆ ಅನ್ಯಾಯವಾದೀತು. ಎಣ್ಣೆ ಕಂಡ ಟ್ರನಿಯನ್ ಬಹುಕಾಲ ಬಾಳುತ್ತದೆ. ಲೋಟಸ್ ಸಂಸ್ಥೆಯವರು ತಮ್ಮ ಕಾರುಗಳಿಗೆ ಇದೇ ಕಂಬವನ್ನು ಬಳಸಿದರು. ಟ್ರಯಂಫ್ ಸ್ಪಿಟ್‌ಫೈರ್ ಕಾರಿನಲ್ಲಿ ಈ ಏರ್ಪಾಟು 1980ರವರೆಗೂ ಉಳಿಯಿತು. ಆದರೆ ಇದು ಮಾಲೀಕನ ನೆನಪನ್ನು ನಂಬಿ ನಿಂತ ಯಂತ್ರ. ಕಾರು ಕೈಬದಲಾಗುವಾಗ ಆ ನೆನಪು ಜೊತೆಯಲ್ಲಿ ಬರುವುದಿಲ್ಲ.

ಇನ್ನು ನಮ್ಮ ಮಿತ್ರರಿಗೆ. ಹೆರಾಲ್ಡಿನ ಬಾನೆಟ್ಟು ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಬಾಗುತ್ತದೆ, ಕೆಲಸ ಸಲೀಸು. ಜಾಕಿನ ಮೇಲಷ್ಟೇ ಭರವಸೆ ಇಡದೆ ಸ್ಟ್ಯಾಂಡ್ ಕೊಡಿ. ಬಾಲ್ ಜಾಯಿಂಟಿನ ಮೊಳೆ ಕಂಬದಲ್ಲಿ ಬೆಣೆಯಂತೆ ಕಚ್ಚಿರುತ್ತದೆ. ಎಳೆಯುವ ಸಾಧನವನ್ನು ಬಳಸಿ, ಕಾಯಿಸಬೇಡಿ. ಗುಂಡನ್ನು ಬದಲಾಯಿಸಿ ನಿಲ್ಲಬೇಡಿ, ಕೆಳಗಿನ ಟ್ರನಿಯನ್ನನ್ನೂ ಬಿಚ್ಚಿ ಕಂಬದ ಸುತ್ತುಗಳನ್ನು ಒರೆಸಿ ನೋಡಿ. ಅಲ್ಲಿ ತುಕ್ಕಿನ ಗುಳಿಗಳಿದ್ದರೆ ಕಂಚನ್ನಷ್ಟೇ ಬದಲಾಯಿಸಿ ಫಲವಿಲ್ಲ, ಕಂಬವೂ ಹೋಗಬೇಕು. ಎಡಬಲಗಳ ತಿರುಪು ವಿರುದ್ಧ ದಿಕ್ಕಿನವು, ಅದಲುಬದಲು ಮಾಡಬೇಡಿ. ಪೂರ್ತಿ ಬಿಗಿದು ಒಂದು ಸುತ್ತಿನಷ್ಟು ಹಿಂದಕ್ಕೆ ಬಿಟ್ಟು, ಚಕ್ರ ಎರಡೂ ಕಡೆ ಪೂರ್ತಿ ತಿರುಗುವುದನ್ನು ಖಚಿತಪಡಿಸಿಕೊಳ್ಳಿ. ಒಳಬದಿಯ ರಬ್ಬರ್ ಬುಷ್‌ಗಳ ಬೋಲ್ಟುಗಳನ್ನು ಮಾತ್ರ ಕಾರು ಚಕ್ರಗಳ ಮೇಲೆ ಕುಳಿತ ನಂತರ ಬಿಗಿಯಿರಿ. ಗ್ರೀಸ್ ಗನ್ನಿನೊಳಗೆ ಎಣ್ಣೆಯನ್ನೇ ತುಂಬಿ, ಅದು ಟ್ರನಿಯನ್ನಿನ ಮೇಲ್ಗಡೆ ಸೋರುವವರೆಗೂ ಒತ್ತಿ.