ಶಕುನ ವಿಮಾನ

'ವೈಮಾನಿಕ ಶಾಸ್ತ್ರ' ಎಂಬ ಸಂಸ್ಕೃತ ಕೃತಿಯಲ್ಲಿ ವರ್ಣಿತವಾದ, ಹಕ್ಕಿಯ ರೂಪದ ಕಾಲ್ಪನಿಕ ಹಾರುಯಂತ್ರ. ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು ಹೇಳಿ ಬರೆಸಿದ ಈ ಕೃತಿಗೆ 1923ರಲ್ಲಿ ಬೆಂಗಳೂರಿನ ಟಿ. ಕೆ. ಎಲ್ಲಪ್ಪ ನಕ್ಷೆಗಳನ್ನು ರಚಿಸಿದರು.

ಸ್ವರೂಪ: ಪೀಠ, ನಡುಗಂಬ, ಉಗಿಪಾತ್ರೆ, ಇಕ್ಕೆಲದ ಎರಡು ರೆಕ್ಕೆಗಳು ಮತ್ತು ಬಾಲ ಮುಖ್ಯ ಭಾಗಗಳು.

ವೈಜ್ಞಾನಿಕ ಪರಿಶೀಲನೆ: ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮತ್ತು ನಾಲ್ವರು ಸಹೋದ್ಯೋಗಿಗಳು 1974ರಲ್ಲಿ ಈ ಕೃತಿಯನ್ನು ಪರಿಶೀಲಿಸಿದರು. ಇದು 1904ಕ್ಕಿಂತ ಹಿಂದಿನದಲ್ಲ, ಇದರಲ್ಲಿರುವ ಯಂತ್ರಗಳು ಹಾರಲಾರವು ಎಂದು ತೀರ್ಮಾನಿಸಿದರು.

ಮಾದರಿಯ ರೆಕ್ಕೆ: ಹಾರದ ಯಂತ್ರವಾದರೂ ಕಿರುಮಾದರಿಗೆ ಇದು ಸೊಗಸಾದ ವಸ್ತು. ಇಂಥ ಕಲ್ಪನೆಯ ನೌಕೆಗಳ ಮಾದರಿಯಲ್ಲಿ ಮೊದಲು ಕಣ್ಣಿಗೆ ಬೀಳುವ ದೋಷ ರೆಕ್ಕೆಯ ದಪ್ಪ. 1:72 ಅಳತೆಯಲ್ಲಿ 1 ಮಿ.ಮೀ. ಹಾಳೆ ನಿಜ ಗಾತ್ರದ 72 ಮಿ.ಮೀ.ಗೆ ಸಮ. ಆದ್ದರಿಂದ ದಪ್ಪ ಫಲಕವನ್ನು ತೆಗೆದು ತೆಳು ಪ್ಲಾಸ್ಟಿಕ್ ಹಾಳೆ ಕೂರಿಸುತ್ತಾರೆ. ಅಂಚನ್ನು ಉಪ್ಪುಕಾಗದದಿಂದ ಉಜ್ಜಿ ಸವೆಸುತ್ತಾರೆ. ತಗಡು ಕೂಡುವ ಗೆರೆಗಳನ್ನು ಸೂಜಿಮೊನೆಯಿಂದ ಕೊರೆಯುತ್ತಾರೆ. ಬಣ್ಣ ಒಣಗಿದ ಮೇಲೆ ಆ ಗೆರೆಗಳಿಗೆ ತೆಳುವಾದ ಕಪ್ಪು ಬಣ್ಣ ಹರಿಸಿದರೆ ರೆಕ್ಕೆಗೆ ಜೀವ ಬರುತ್ತದೆ. ಕಲ್ಪನೆಯನ್ನು ಕಲ್ಪನೆಯೆಂದೇ ಗೌರವಿಸುವ ಕೈಗೆಲಸವಿದು.